ತಿಪ್ಪೆಯ ಬಿಸಿ, ಒಲೆಯ ಹೊಗೆ

ಕರ್ನಾಟಕದ ಹಳ್ಳಿಗಳಲ್ಲಿ ಮನೆಯ ಕಸ ಹೋಗಿ ಸೇರುತ್ತಿದ್ದ ಜಾಗಗಳು ಬಹುಮಟ್ಟಿಗೆ ಮೂರೇ: ದನದ ಬಾನಿ, ಬಚ್ಚಲೊಲೆ ಮತ್ತು ತಿಪ್ಪೆ. ಅಕ್ಕಿ ತೊಳೆದ ನೀರು, ಉಳಿದ ಗಂಜಿ, ತರಕಾರಿ ಮತ್ತು ಹಣ್ಣಿನ ಸಿಪ್ಪೆಗಳು ಕಲಗಚ್ಚಾಗಿ ಕೊಟ್ಟಿಗೆಗೆ ಹೋದರೆ, ತೆಂಗಿನ ಕರಟ, ಒಣಗಿದ ಗರಿ, ಮುರುಕು ಕಟ್ಟಿಗೆಗಳು ಹಂಡೆಯ ನೀರು ಕಾಯಿಸುತ್ತಿದ್ದವು. ಈ ಎರಡಕ್ಕೂ ಒಗ್ಗದ ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ ತರಗು ತಿಪ್ಪೆಗೆ ಬಿದ್ದು, ಮುಂಗಾರಿಗೆ ಮುಂಚೆ ಗಾಡಿಯೇರಿ ಹೊಲ ಸೇರುತ್ತಿದ್ದವು. ಹೀಗೆ ಹೊರಗೆ ಹೋದದ್ದೆಲ್ಲ ಹಾಲಾಗಿಯೋ ಬಿಸಿನೀರಾಗಿಯೋ ಬೆಳೆಯಾಗಿಯೋ ಮನೆಗೆ ಮರಳುತ್ತಿದ್ದ ಈ ವ್ಯವಸ್ಥೆಯನ್ನು ಹಳಹಳಿಕೆಯಿಂದ ಹೊಗಳುವುದು ಸುಲಭ. ಆದರೆ ಅದು ನಿಂತಿದ್ದುದು ಹಿಂದಿನವರ ವಿಶೇಷ ವಿವೇಕದ ಮೇಲೆ ಎನ್ನುವುದಕ್ಕಿಂತ, ಮನೆಯೊಳಕ್ಕೆ ಬರುತ್ತಿದ್ದ ವಸ್ತುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕೊಳೆಯುವಂಥವು ಇಲ್ಲವೇ ಸುಟ್ಟರೆ ಬರಿಯ ಬೂದಿಯಾಗುವಂಥವು ಆಗಿದ್ದವು ಎಂಬ ಸರಳ ಸಂಗತಿಯ ಮೇಲೆ ಎನ್ನುವುದೇ ಸರಿ.

ಈಗ ಬದಲಾಗಿರುವುದು ಆ ಸಂಗತಿಯೇ. ಹಾಲಿನ ಪ್ಯಾಕೆಟ್, ಶಾಂಪೂವಿನ ಸ್ಯಾಶೆ, ಕುರುಕಲು ತಿಂಡಿಯ ಪೊಟ್ಟಣ, ಹಳೆಯ ಫ್ಲೆಕ್ಸ್, ಕೀಟನಾಶಕದ ಬಾಟಲಿ, ಮಗುವಿನ ಡೈಪರ್ ಇವೆಲ್ಲ ಹಳ್ಳಿಯ ಮನೆಗೂ ಬಂದಿವೆ. ಅದೇ ಹೊತ್ತಿಗೆ ಅನೇಕ ಮನೆಗಳಲ್ಲಿ ದನಗಳು ಕಡಿಮೆಯಾಗಿ ಕೊಟ್ಟಿಗೆ ಖಾಲಿಯಾಗಿದೆ. ವಸ್ತು ಬದಲಾದರೂ ರೂಢಿ ಬದಲಾಗಲಿಲ್ಲವಾದ್ದರಿಂದ ಹೊಸ ಕಸವೂ ಹಳೆಯ ಮೂರು ದಾರಿಗಳನ್ನೇ ಹಿಡಿಯಿತು. ಅನ್ನದ ವಾಸನೆ ಹತ್ತಿದ ಪ್ಲಾಸ್ಟಿಕ್ ಚೀಲ ದನದ ಹೊಟ್ಟೆಗೆ, ಖಾಲಿ ಪೊಟ್ಟಣ ಬಚ್ಚಲೊಲೆಗೆ, ಮಿಕ್ಕಿದ್ದು ತಿಪ್ಪೆಯ ಮೂಲಕ ಹೊಲಕ್ಕೆ ಹೋಗತೊಡಗಿದವು. ಹಳ್ಳಿಯ ಕಸದ ಪ್ರಶ್ನೆಯನ್ನು ನಗರದ ಕಸದ ಚಿಕ್ಕ ಪ್ರತಿಯೆಂದು ಭಾವಿಸಿ, ಲಾರಿ ಮತ್ತು ಗುಂಡಿಗಳ ಲೆಕ್ಕದಲ್ಲಿ ಪರಿಹಾರ ಹುಡುಕುವವರು ಈ ಅಂಶವನ್ನು ಮರೆಯುತ್ತಾರೆ. ಹಿತ್ತಿಲು, ತೋಟ, ಹೊಲ ಇರುವ ಊರಿನಲ್ಲಿ ಕೊಳೆಯುವ ವಸ್ತು ಮನೆಯ ಎಲ್ಲೆ ದಾಟಬೇಕಾದ ಅಗತ್ಯವೇ ಇಲ್ಲ. ಕೊಳೆಯದ ವಸ್ತುವಾದರೋ ಊರಿನ ಎಲ್ಲೆಯನ್ನು ದಾಟಲೇಬೇಕು. ಇವೆರಡನ್ನು ಅಡುಗೆಮನೆಯ ಬಾಗಿಲಲ್ಲೇ ಬೇರ್ಪಡಿಸದಿದ್ದರೆ ಮುಂದಿನ ಯಾವ ಯಂತ್ರವೂ ಯಾವ ಘಟಕವೂ ಅದನ್ನು ಪೂರ್ತಿ ಸರಿಪಡಿಸಲಾರದು.

ತಿಪ್ಪೆಯಲ್ಲಿ ನಡೆಯುವುದನ್ನು ಸಾಮಾನ್ಯವಾಗಿ ಕೊಳೆಯುವಿಕೆ ಎಂದು ಕರೆದರೂ ಒಂದಕ್ಕೊಂದು ವಿರುದ್ಧವಾದ ಎರಡು ಕ್ರಿಯೆಗಳು ಆ ಒಂದೇ ಹೆಸರಿನಡಿ ಅಡಗಿವೆ. ಗಾಳಿ ಆಡುವ ರಾಶಿಯಲ್ಲಿ ಆಮ್ಲಜನಕವನ್ನು ಬಳಸುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಕಸದೊಳಗಿನ ಇಂಗಾಲವನ್ನು ಉರುವಲಾಗಿ ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನೂ ಶಾಖವನ್ನೂ ಹೊರಬಿಡುತ್ತವೆ. ಗಾಳಿ ಸಿಗದ ರಾಶಿಯಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬೇರೆ ಸೂಕ್ಷ್ಮಾಣುಗಳು ಕೆಲಸಕ್ಕಿಳಿದು, ಮೂಗು ಮುಚ್ಚಿಸುವ ಗಂಧಕದ ಅನಿಲಗಳ ಜೊತೆಗೆ ಮೀಥೇನನ್ನು ಉತ್ಪಾದಿಸುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ವಾತಾವರಣದಲ್ಲಿ ಹಿಡಿದಿಡುವ ಈ ಅನಿಲ ಬಯೋಗ್ಯಾಸ್ ಸ್ಥಾವರದೊಳಗೆ ಉಪಯುಕ್ತ ಇಂಧನ, ತೆರೆದ ತಿಪ್ಪೆಯಲ್ಲಿ ಬರಿಯ ನಷ್ಟ. ವರ್ಷಪೂರ್ತಿ ಮೇಲಿಂದ ಮೇಲೆ ಸುರಿಯುತ್ತ, ಒಮ್ಮೆಯೂ ಮಗುಚದೆ ಬಿಟ್ಟ ತಿಪ್ಪೆಯನ್ನು ಅಗೆದು ನೋಡಿದರೆ ಹೊರಪದರದಲ್ಲಿ ಒಣಗಿ ಹಾಗೆಯೇ ಉಳಿದ ಹುಲ್ಲು, ನಡುವಿನಲ್ಲಿ ಕಪ್ಪಗೆ ಜಿಗುಟಾದ ದುರ್ವಾಸನೆಯ ಮುದ್ದೆ, ಅದರೊಳಗೆ ಬೆಳ್ಳಗೆ ದಪ್ಪಗೆ ಮುದುರಿ ಮಲಗಿದ ಗೊಣ್ಣೆಹುಳುಗಳು ಕಾಣಿಸುವುದಕ್ಕೆ ಕಾರಣ ಇದೇ. ತೆಂಗು ಬೆಳೆಯುವ ಪ್ರದೇಶಗಳಲ್ಲಿ ಈ ಹುಳುಗಳಲ್ಲಿ ಕೆಲವಾದರೂ ತೆಂಗಿನ ಸುಳಿಯನ್ನು ಕೊರೆಯುವ ರೈನೋಸರಸ್ ದುಂಬಿಯ ಮರಿಗಳಾಗಿರುತ್ತವೆ. ತನ್ನ ತೋಟದ ಶತ್ರುವನ್ನು ರೈತ ತನ್ನ ತಿಪ್ಪೆಯಲ್ಲೇ ಸಾಕಿಕೊಂಡಿರುತ್ತಾನೆ.

ಗಾಳಿಯಾಡುವ ರಾಶಿಯ ನಡವಳಿಕೆ ಬೇರೆಯೇ. ಅದರ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಇಂಗಾಲ ಮತ್ತು ಸಾರಜನಕದ ಅನುಪಾತ, ಅಂದರೆ ಕಸದಲ್ಲಿ ಒಂದು ಪಾಲು ಸಾರಜನಕಕ್ಕೆ ಎಷ್ಟು ಪಾಲು ಇಂಗಾಲವಿದೆ ಎಂಬ ಲೆಕ್ಕ. ಸೂಕ್ಷ್ಮಾಣುಗಳು ಇಂಗಾಲವನ್ನು ಶಕ್ತಿಗಾಗಿಯೂ ಸಾರಜನಕವನ್ನು ತಮ್ಮ ದೇಹದ ಪ್ರೋಟೀನಿಗಾಗಿಯೂ ಬಳಸುವುದರಿಂದ 25ರಿಂದ 30ಕ್ಕೆ ಒಂದು ಎಂಬ ಅನುಪಾತ ಅವುಗಳಿಗೆ ಹಿತ. ತರಕಾರಿ ಸಿಪ್ಪೆ ಮತ್ತು ಹಸಿ ಸಗಣಿಯಲ್ಲಿ ಈ ಅನುಪಾತ ಇಪ್ಪತ್ತರ ಆಸುಪಾಸಿನಲ್ಲಿದ್ದರೆ ಭತ್ತದ ಹುಲ್ಲಿನಲ್ಲಿ ಎಂಬತ್ತರ ಹತ್ತಿರ, ಮರದ ಹೊಟ್ಟಿನಲ್ಲಿ ಕೆಲವು ನೂರರಷ್ಟು ಇರುತ್ತದೆ. ಆದ್ದರಿಂದ ಬರೀ ಅಡುಗೆಮನೆಯ ಕಸವನ್ನು ಗುಂಡಿಗೆ ಸುರಿದರೆ ಹೆಚ್ಚಾದ ಸಾರಜನಕ ಅಮೋನಿಯಾ ಆಗಿ ಹಾರಿಹೋಗಿ ನಾತ ಹೊಡೆಯುತ್ತದೆ, ಬರೀ ಹುಲ್ಲನ್ನು ಒಟ್ಟಿದರೆ ತಿಂಗಳುಗಟ್ಟಲೆ ಕದಲುವುದಿಲ್ಲ. ಒಂದು ಬುಟ್ಟಿ ಹಸಿ ಕಸದ ಮೇಲೆ ಎರಡು ಮೂರು ಬುಟ್ಟಿ ತರಗು, ರವದಿ ಅಥವಾ ಹೊಟ್ಟನ್ನು ಹರಡಿ, ತೆಳುವಾಗಿ ಸಗಣಿ ಬಗ್ಗಡ ಚಿಮುಕಿಸಿದರೆ ಎರಡರ ಕೊರತೆಯೂ ತುಂಬುತ್ತದೆ. ತೇವ ತೂಕದಲ್ಲಿ ಸುಮಾರು ಅರ್ಧದಷ್ಟಿರಬೇಕು. ಒಂದು ಹಿಡಿ ಕಸವನ್ನು ಗಟ್ಟಿಯಾಗಿ ಹಿಂಡಿದಾಗ ಅಂಗೈ ಒದ್ದೆಯಾಗಬೇಕೇ ಹೊರತು ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯಬಾರದು.

ಇಷ್ಟು ಹೊಂದಿಸಿದ, ಎದೆಮಟ್ಟದ ರಾಶಿ ಕೆಲವೇ ದಿನಗಳಲ್ಲಿ ತಾನಾಗಿ ಬಿಸಿಯೇರತೊಡಗುತ್ತದೆ. ಮೊದಲು ಸಾಧಾರಣ ಉಷ್ಣತೆಯ ಜೀವಿಗಳು ಸಕ್ಕರೆ, ಪಿಷ್ಟಗಳನ್ನು ಮುಗಿಸುತ್ತವೆ. ರಾಶಿ 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅವು ಹಿಂದೆ ಸರಿದು, ಹೆಚ್ಚು ಶಾಖದಲ್ಲೇ ಚುರುಕಾಗುವ ಉಷ್ಣಪ್ರಿಯ ಜೀವಿಗಳು ಮುಂದೆ ಬಂದು 55ರಿಂದ 65 ಡಿಗ್ರಿಯವರೆಗೆ ಕೊಂಡೊಯ್ಯುತ್ತವೆ. ಉಷ್ಣಮಾಪಕವಿಲ್ಲದವರು ರಾಶಿಯ ನಡುವಿಗೆ ಒಂದು ಕಬ್ಬಿಣದ ಸರಳನ್ನು ತೂರಿಸಿಟ್ಟು ಸ್ವಲ್ಪ ಹೊತ್ತಿನ ಬಳಿಕ ಎಳೆದು ಮುಟ್ಟಿ ನೋಡಬಹುದು. ತುದಿಯನ್ನು ಹಿಡಿದಿರಲಾಗದಷ್ಟು ಸುಟ್ಟರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಈ ಶಾಖ ಬರಿಯ ಉಪಫಲವಲ್ಲ, ಏಕೆಂದರೆ 55 ಡಿಗ್ರಿಗಿಂತ ಮೇಲೆ ಕೆಲವು ದಿನ ನಿಂತ ರಾಶಿಯಲ್ಲಿ ರೋಗಾಣುಗಳು, ನೊಣದ ಮೊಟ್ಟೆಗಳು, ಕಳೆಯ ಬೀಜಗಳು ಬಹುಪಾಲು ಸಾಯುತ್ತವೆ. ಆದರೆ ರಾಶಿಯ ಅಂಚು ಅಷ್ಟು ಬಿಸಿಯಾಗುವುದಿಲ್ಲವಾದ್ದರಿಂದ ಹೊರಗಿನದು ಒಳಕ್ಕೆ ಹೋಗುವಂತೆ ಎರಡು ಮೂರು ಬಾರಿ ಮಗುಚುವುದು ಅವಶ್ಯ. ಹಾಗೆ ಮಗುಚಿದಾಗ ಹೊರಬಿದ್ದ ಗೊಣ್ಣೆಹುಳುಗಳನ್ನು ಕೋಳಿ ಕಾಗೆಗಳು ವಿಚಾರಿಸಿಕೊಳ್ಳುತ್ತವೆ. ಕೊನೆಯ ಘಟ್ಟದಲ್ಲಿ ರಾಶಿ ತಣ್ಣಗಾಗಿ, ಬೂದಿ ಚೆಲ್ಲಿದಂತೆ ಕಾಣುವ ಆಕ್ಟಿನೋಮೈಸೀಟ್ ಎಂಬ ಬ್ಯಾಕ್ಟೀರಿಯಾ ವರ್ಗ ಗಟ್ಟಿ ನಾರುಗಳನ್ನು ಒಡೆಯುತ್ತದೆ. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ಸಂಯುಕ್ತವನ್ನು ತಯಾರಿಸುವುದೂ ಇದೇ ವರ್ಗವಾಗಿರುವುದರಿಂದ, ಮಾಗಿದ ಗೊಬ್ಬರಕ್ಕೆ ಮಣ್ಣಿನ ವಾಸನೆ ಬರುತ್ತದೆ.

ಈ ಜ್ಞಾನವನ್ನು ಒಂದು ವಿಧಾನವಾಗಿ ರೂಪಿಸಿದ ಇತಿಹಾಸದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಬ್ರಿಟಿಷ್ ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ನಡೆಸಿದ ಪ್ರಯೋಗಗಳಿಂದ, ಪದರ ಪದರವಾಗಿ ಒಟ್ಟಿ, ನಿಗದಿತ ಅವಧಿಗೆ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಇಂದೋರ್ ವಿಧಾನ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ್ದು ಬೆಂಗಳೂರು ವಿಧಾನ: ಸುಮಾರು ಒಂದು ಮೀಟರ್ ಆಳದ ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಒಂದರ ಮೇಲೊಂದು ಪದರವಾಗಿ ತುಂಬಿ, ಮೇಲೆ ಮಣ್ಣಿನಿಂದ ಮೆತ್ತಿಬಿಟ್ಟರೆ ಮೊದಲ ಎಂಟು ಹತ್ತು ದಿನ ಒಳಗಿದ್ದ ಗಾಳಿಯಿಂದ ಬಿಸಿಯೇರಿ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕಳಿತು, ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವಾಗುತ್ತದೆ. ನಗರದ ಕಸಕ್ಕೆಂದು ರೂಪುಗೊಂಡ ಈ ವಿಧಾನದಲ್ಲಿ ಮಲದ ಬದಲು ಸಗಣಿ ಬಗ್ಗಡವನ್ನು ಬಳಸಿ ಹಳ್ಳಿಗೆ ಒಗ್ಗಿಸಿಕೊಳ್ಳಬಹುದು. ಮಗುಚುವ ಕೂಲಿ ಇಲ್ಲ, ಮುಚ್ಚಿದ ಗುಂಡಿಯಿಂದ ನೀರು ಆರುವುದೂ ಕಡಿಮೆ; ಹೀಗಾಗಿ ನೀರಿಗೂ ಆಳಿಗೂ ಬರವಿರುವ ಬಯಲುಸೀಮೆಗೆ ಅದು ಹೇಳಿ ಮಾಡಿಸಿದ ವಿಧಾನ. ಅದೇ ಗುಂಡಿಯನ್ನು ಮಲೆನಾಡಿನಲ್ಲೋ ಕರಾವಳಿಯಲ್ಲೋ ತೋಡಿದರೆ ಆಷಾಢದ ಹೊತ್ತಿಗೆ ಅದು ಕೆರೆಯಾಗಿರುತ್ತದೆ. ಅಲ್ಲಿ ನೆಲದ ಮೇಲೆಯೇ ಎತ್ತರಿಸಿದ ಕಟ್ಟೆ, ಅದಕ್ಕೊಂದು ಸೋಗೆಯ ಮಾಡು, ಕಾಲಕಾಲಕ್ಕೆ ಮಗುಚುವ ಇಂದೋರ್ ಕ್ರಮ ಸರಿಹೊಂದುತ್ತದೆ. ಇಡೀ ರಾಜ್ಯಕ್ಕೆ ಒಂದೇ ಅಳತೆಯ ಗುಂಡಿಯನ್ನು ನಿಗದಿ ಮಾಡುವ ಯೋಜನೆಗಳು ಸೋಲುವುದು ವಿಜ್ಞಾನದ ಕೊರತೆಯಿಂದಲ್ಲ, ಮಳೆಯ ನಕ್ಷೆಯನ್ನು ನೋಡದಿರುವುದರಿಂದ.

ಹಿತ್ತಿಲೇ ಇಲ್ಲದ ಮನೆಗಳಿಗೆ ನೆಲದಲ್ಲಿ ಅಡಿಯಷ್ಟು ಹೂತು ನಿಲ್ಲಿಸಿದ ಎರಡು ಅಗಲ ಕೊಳವೆಗಳು ಸಾಕು. ಒಂದು ತುಂಬಿ ಮಾಗುವಷ್ಟರಲ್ಲಿ ಇನ್ನೊಂದು ತುಂಬುತ್ತದೆ. ನಾಲ್ಕೈದು ದನಗಳಿರುವ ಮನೆಗೆ ಬಯೋಗ್ಯಾಸ್ ಮೇಲು, ಏಕೆಂದರೆ ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕಾಗುತ್ತದೆ. ಉತ್ತರ ಕನ್ನಡದ ಶಿರಸಿ ಸೀಮೆಯ ಅಡಿಕೆ ತೋಟಗಾರರಲ್ಲಿ ಇದು ವ್ಯಾಪಕವಾಗಿ ಬೇರೂರಿದ್ದು, ಅನಿಲ ಒಲೆಗೆ, ಬಗ್ಗಡ ತೋಟಕ್ಕೆ ಹೋಗುತ್ತದೆ. ಎರೆಗೊಬ್ಬರ ಮಾಡುವವರು ನೆನಪಿಡಬೇಕಾದದ್ದು ಒಂದೇ: ಎರೆಹುಳು ಶಾಖವನ್ನು ತಾಳದಾದ್ದರಿಂದ ಬಿಸಿಯಿಳಿದ ಕಸವನ್ನಷ್ಟೇ ಅದಕ್ಕೆ ಕೊಡಬೇಕು.

ಇನ್ನು ಒಲೆ. ಹಳ್ಳಿಯ ಪ್ಲಾಸ್ಟಿಕ್ ಕಸದ ದೊಡ್ಡ ಪಾಲು ಯಾರ ಕಣ್ಣಿಗೂ ಬೀಳದೆ ಮಾಯವಾಗುವುದು ಇಲ್ಲಿಯೇ. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿದ್ದಾಗ ಎರಡು ಖಾಲಿ ಪ್ಯಾಕೆಟ್ಟುಗಳನ್ನು ಕೆಳಗಿಟ್ಟು ಕಡ್ಡಿ ಗೀರಿದರೆ ಹಂಡೆಯ ಒಲೆ ತಕ್ಷಣ ಹೊತ್ತಿಕೊಳ್ಳುತ್ತದೆ. ಪಾಲಿಎಥಿಲೀನ್ ಪೆಟ್ರೋಲಿಯಂ ಮೂಲದ ವಸ್ತುವಾದ್ದರಿಂದ ಅದು ಚೆನ್ನಾಗಿ ಉರಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗಾಳಿ ಸಾಲದ ಒಲೆಯಲ್ಲಿ ಅದು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್, ಮಸಿ ಮತ್ತು ಕ್ಯಾನ್ಸರಿಗೆ ಕಾರಣವಾಗಬಲ್ಲ ಹೈಡ್ರೋಕಾರ್ಬನ್‌ಗಳನ್ನು ಉಗುಳುತ್ತದೆ. ಇದಕ್ಕಿಂತಲೂ ಕೆಟ್ಟದ್ದು ಪಿವಿಸಿ. ನೀರಿನ ಕೊಳವೆ, ವಿದ್ಯುತ್ ತಂತಿಯ ಹೊದಿಕೆ, ಚುನಾವಣೆ ಮತ್ತು ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಬಳಕೆಯಾಗುವ ಈ ಪ್ಲಾಸ್ಟಿಕ್ಕಿನ ಮೂಲ ರಾಳದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು, ಸುಮಾರು 57 ಶೇಕಡ, ಕ್ಲೋರಿನ್ ಇರುತ್ತದೆ. ಉರಿಯ ಹೊಗೆ 200ರಿಂದ 450 ಡಿಗ್ರಿಯ ನಡುವೆ ತಣಿಯುವಾಗ ಆ ಕ್ಲೋರಿನ್ ಇಂಗಾಲದ ಸಂಯುಕ್ತಗಳೊಡನೆ ಕೂಡಿ ಡಯಾಕ್ಸಿನ್ ಎಂಬ ಅತಿ ವಿಷಕಾರಿ ಗುಂಪು ಹುಟ್ಟುತ್ತದೆ, ತಾಮ್ರ ಇದ್ದರೆ ಈ ಕ್ರಿಯೆಗೆ ಇನ್ನಷ್ಟು ವೇಗ ಸಿಗುತ್ತದೆ. ತಾಮ್ರಕ್ಕಾಗಿ ಹಳೆಯ ವಯರುಗಳನ್ನು ಬಯಲಲ್ಲಿ ಸುಡುವುದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಕಸ ಸುಡುವ ಆಧುನಿಕ ಸ್ಥಾವರಗಳಲ್ಲಿ ಅನಿಲವನ್ನು 850 ಡಿಗ್ರಿಗೂ ಮೇಲೆ ಕನಿಷ್ಠ ಎರಡು ಸೆಕೆಂಡು ಹಿಡಿದಿಟ್ಟು, ಅನಂತರ ಬೇಗ ತಣಿಸಿ ಶೋಧಿಸಬೇಕೆಂಬ ನಿಯಮವಿರುವುದು ಈ ಕಾರಣಕ್ಕೆ. ಬಚ್ಚಲೊಲೆಗೆ ಅಂಥ ಯಾವ ಹಂಗೂ ಇಲ್ಲ.

ಡಯಾಕ್ಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹೊಗೆಯೊಡನೆ ಹುಲ್ಲಿನ ಮೇಲೆ ಕುಳಿತದ್ದು ಹಸುವಿನ ಹಾಲಿಗೆ, ಬೂದಿ ಕೆದಕುವ ನಾಟಿಕೋಳಿಯ ಮೂಲಕ ಮೊಟ್ಟೆಗೆ ಬರುತ್ತದೆ. ಮನುಷ್ಯರು ಸೇವಿಸುವ ಡಯಾಕ್ಸಿನ್‌ನಲ್ಲಿ 90 ಶೇಕಡಕ್ಕಿಂತ ಹೆಚ್ಚಿನದು ಆಹಾರದಿಂದ, ಅದರಲ್ಲೂ ಪ್ರಾಣಿಮೂಲದ ಆಹಾರದಿಂದ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹ ಸೇರಿದ ಡಯಾಕ್ಸಿನ್ ಅರ್ಧದಷ್ಟಾಗಲು 7ರಿಂದ 11 ವರ್ಷ ಬೇಕು. ಹೊಗೆ ಹಾರಿಹೋಗುತ್ತದೆಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ. ಪ್ಲಾಸ್ಟಿಕ್ ಬೆರೆತ ಬೂದಿಯಲ್ಲಿ ಬಣ್ಣಗಳಿಂದ ಬಂದ ಸೀಸ, ಕ್ಯಾಡ್ಮಿಯಂನಂಥ ಲೋಹಗಳೂ ಉಳಿಯಬಹುದಾದ್ದರಿಂದ ಅದು ಪಾತ್ರೆ ಬೆಳಗುವುದಕ್ಕೂ ಬದನೆ ಗಿಡಕ್ಕೆ ಎರಚುವುದಕ್ಕೂ ಯೋಗ್ಯವಲ್ಲ. ಬಹುಕಾಲದಿಂದ ಹಿತ್ತಿಲಿನ ಸೊತ್ತಾಗಿದ್ದ ಬೂದಿಯೇ ಹೀಗೆ ಕಸವಾಗಿ ಬದಲಾಗುತ್ತದೆ.

ಒಲೆಯಿಂದ ತಪ್ಪಿಸಿದ ಒಣ ಕಸಕ್ಕೆ ಬೇರೆ ಗತಿ ಕಾಣಿಸಬೇಕು. ಈ ಗತಿಯನ್ನು ನಿರ್ಧರಿಸುವುದು ಕಾಯಿದೆಗಿಂತ ಹೆಚ್ಚಾಗಿ ಗುಜರಿಯವನ ತಕ್ಕಡಿ: ಕಬ್ಬಿಣ, ರಟ್ಟು, ಗಟ್ಟಿ ಪ್ಲಾಸ್ಟಿಕ್ ಬಕೆಟ್ಟು, ನೀರಿನ ಬಾಟಲಿಗಳಿಗೆ ಬೆಲೆ ಇರುವುದರಿಂದ ಅವು ಬೀದಿಯಲ್ಲಿ ಬಿದ್ದಿರುವುದು ಅಪರೂಪ. ಹಾಲಿನ ಪ್ಯಾಕೆಟ್ಟಿಗೂ ಬೆಲೆಯಿದೆ, ಏಕೆಂದರೆ ಅದು ಒಂದೇ ಬಗೆಯ ಪಾಲಿಎಥಿಲೀನ್. ತೊಳೆದು ಒಣಗಿಸಿ ಕಟ್ಟಿಟ್ಟರೆ ಮರುಬಳಕೆಗೆ ಸುಲಭ. ಅದರ ಮೂಲೆಯನ್ನು ಕತ್ತರಿಸುವಾಗ ತುಂಡನ್ನು ಪೂರ್ತಿ ಬೇರ್ಪಡಿಸದೆ ತೂಗಾಡುವಂತೆ ಬಿಡಬೇಕೆಂಬ ಸಲಹೆ ಅತಿಯೆನಿಸಬಹುದಾದರೂ, ಬೆರಳುಗುರಿನಷ್ಟು ಚಿಕ್ಕ ಆ ತ್ರಿಕೋನ ಮುಸುರೆಯೊಡನೆ ಗುಂಡಿಗೋ ಚರಂಡಿಗೋ ಬಿದ್ದ ಮೇಲೆ ಅದನ್ನು ಆಯಲು ಯಾರಿಂದಲೂ ಆಗದು. ಬೆಲೆಯಿಲ್ಲದ ವಸ್ತು ಎಂದರೆ ಕುರುಕಲು ತಿಂಡಿ ಮತ್ತು ಶಾಂಪೂವಿನ ಪೊಟ್ಟಣಗಳು; ಬೇರೆ ಬೇರೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂನ ತೆಳುಪದರಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಇವುಗಳನ್ನು ಬಿಡಿಸಿ ಕರಗಿಸುವ ಖರ್ಚು ಸಿಗುವ ವಸ್ತುವಿನ ಬೆಲೆಗಿಂತ ಹೆಚ್ಚು. ಇಂಥವನ್ನು ಒಟ್ಟುಗೂಡಿಸಿ, 1,400 ಡಿಗ್ರಿಗೂ ಹೆಚ್ಚು ಶಾಖದ ಸಿಮೆಂಟ್ ಕುಲುಮೆಗಳಿಗೆ ಕಲ್ಲಿದ್ದಲಿನ ಜೊತೆಗೆ ಇಂಧನವಾಗಿ ಕಳಿಸುವುದು ಸದ್ಯಕ್ಕಿರುವ ದಾರಿ. ಅದು ಉತ್ತಮ ದಾರಿಯೆಂದಲ್ಲ, ಒಲೆಗಿಂತ ವಾಸಿ ಎಂದಷ್ಟೇ.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮೊದಲ ಬಾರಿಗೆ ಹಳ್ಳಿಗಳನ್ನೂ ಒಳಗೊಂಡು ಗ್ರಾಮ ಪಂಚಾಯಿತಿಗೆ ಹೊಣೆ ವಹಿಸಿದವು. 2020ರಲ್ಲಿ ಒಪ್ಪಿಗೆ ಪಡೆದ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೆಯ ಹಂತ ಘನತ್ಯಾಜ್ಯಕ್ಕೆ ಹಣ ಒದಗಿಸಿತು. ಕರ್ನಾಟಕದ ಪಂಚಾಯಿತಿಗಳಲ್ಲಿ ಇದರ ಫಲವಾಗಿ ಬಂದ ಘನತ್ಯಾಜ್ಯ ವಿಲೇವಾರಿ ಘಟಕಗಳನ್ನೂ ಮನೆಮನೆಗೆ ಬರುವ ಕಸದ ವಾಹನಗಳನ್ನೂ ಹಲವು ಕಡೆ ಸ್ತ್ರೀಶಕ್ತಿ, ಸಂಜೀವಿನಿ ಒಕ್ಕೂಟಗಳ ಮಹಿಳೆಯರು ನಡೆಸುತ್ತಿದ್ದು, ವಾಹನ ಓಡಿಸುವುದನ್ನೂ ಕಲಿತಿದ್ದಾರೆ. ಒಂದು ಪಂಚಾಯಿತಿಯ ಒಣ ಕಸ ಒಂದು ಲಾರಿ ತುಂಬುವಷ್ಟಾಗಲು ಬಹಳ ದಿನ ಹಿಡಿಯುವುದರಿಂದ ಹಲವು ಪಂಚಾಯಿತಿಗಳಿಗೆ ಸೇರಿ ಒಂದು ದೊಡ್ಡ ವಿಂಗಡಣಾ ಕೇಂದ್ರವಿರುವುದು ಲೆಕ್ಕಕ್ಕೆ ಹೊಂದುತ್ತದೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಅಂಥ ಕೇಂದ್ರ ಸ್ಥಾಪನೆಯಾದದ್ದು ಈ ತರ್ಕದಿಂದಲೇ. ಈ ಏರ್ಪಾಟನ್ನು ಕೆಡಿಸುವುದು ಮುಖ್ಯವಾಗಿ ಒಂದೇ ಸಂಗತಿ, ಅಂದರೆ ಹಿತ್ತಿಲಿರುವ ಮನೆಯವರೂ ಸಾರಿನ ಮಿಕ್ಕಿದ್ದನ್ನು ಅದೇ ಚೀಲಕ್ಕೆ ಸುರಿದು ಕೊಡುವುದು. ವಿಂಗಡಿಸುವ ಹೆಂಗಸಿನ ಕೈಗೆ ಸಿಗುವ ಹಳಸಿದ ಅನ್ನ ಅಂಟಿದ ರಟ್ಟಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಅವಳ ಕೆಲಸಕ್ಕೆ ಮರ್ಯಾದೆಯೂ ಉಳಿಯುವುದಿಲ್ಲ.

ಕಸ ಹುಟ್ಟುವುದನ್ನೇ ತಗ್ಗಿಸುವ ಅವಕಾಶ ದಿನನಿತ್ಯದ ಅಡುಗೆಮನೆಗಿಂತ ಮದುವೆ, ಗೃಹಪ್ರವೇಶ, ಜಾತ್ರೆಗಳಲ್ಲಿ ಹೆಚ್ಚು. ಸಾವಿರ ಜನ ಉಂಡ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದು ತಟ್ಟೆ, ಒಂದು ಲೋಟ, ಒಂದು ನೀರಿನ ಬಾಟಲಿ ಎಂದರೂ ಒಂದೇ ಮಧ್ಯಾಹ್ನಕ್ಕೆ ಮೂರು ಸಾವಿರ ವಸ್ತುಗಳು ಹೊರಬೀಳುತ್ತವೆ. ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್ ತಟ್ಟೆ ಲೋಟಗಳನ್ನು ಕರ್ನಾಟಕ 2016ರಲ್ಲೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ನಿಷೇಧಿಸಿದ್ದರೂ ಅವುಗಳ ಜಾಗಕ್ಕೆ ಬಂದ ಕಾಗದದ ಲೋಟ ನಿರಪಾಯವೇನಲ್ಲ. ನೀರು ಸೋರದಂತೆ ಅದರ ಒಳಮೈಗೆ ಹಚ್ಚಿದ ಪಾಲಿಎಥಿಲೀನ್ ಪೊರೆ, ಕಾಗದವೆಲ್ಲ ಕೊಳೆತ ಮೇಲೂ ಗೊಬ್ಬರದಲ್ಲಿ ಹಾಗೆಯೇ ಸಿಗುತ್ತದೆ. ಬಾಳೆಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳು ಊಟ ಮುಗಿದೊಡನೆ ಸೀದಾ ತಿಪ್ಪೆಗೆ ಹೋಗಬಲ್ಲವು. ಪಂಚಾಯಿತಿಯೋ ಮಹಿಳಾ ಸಂಘವೋ ದೇವಸ್ಥಾನವೋ ಸ್ಟೀಲ್ ತಟ್ಟೆ ಲೋಟಗಳನ್ನು ಕೊಂಡಿಟ್ಟು ಬಾಡಿಗೆಗೆ ಕೊಟ್ಟರೆ, ತೊಳೆಯುವ ಕೂಲಿಯನ್ನು ಹಿಡಿದರೂ ಕೆಲವೇ ಸಮಾರಂಭಗಳಲ್ಲಿ ಲೆಕ್ಕ ಹೊಂದುತ್ತದೆ.

ಉಳಿಯುವುದು ಪ್ರಮಾಣದಲ್ಲಿ ಚಿಕ್ಕದಾದರೂ ಅಪಾಯದಲ್ಲಿ ದೊಡ್ಡದಾದ ಒಂದು ಪಾಲು. ನಗರದ ಮನೆಗಳಲ್ಲಿ ಅಷ್ಟಾಗಿ ಕಾಣದ ಕೀಟನಾಶಕದ ಬಾಟಲಿ ಇಲ್ಲಿ ಮೊದಲನೆಯದು. ಸಿಂಪಡಣೆಯ ದಿನವೇ ಖಾಲಿ ಬಾಟಲಿಯ ಕಾಲು ಭಾಗದಷ್ಟು ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಹೀಗೆ ಮೂರು ಬಾರಿ ಮಾಡಿದರೆ ಒಳಗೋಡೆಗೆ ಅಂಟಿದ ವಿಷದ ಬಹುಪಾಲು ಬೆಳೆಗೇ ಹೋಗುತ್ತದೆ. ಬಳಿಕ ತಳಕ್ಕೆ ತೂತು ಹೊಡೆದರೆ ಅದನ್ನು ಸೀಮೆಎಣ್ಣೆ ತುಂಬಲೋ ಬಯಲಿಗೆ ನೀರು ಒಯ್ಯಲೋ ಯಾರೂ ಬಳಸಲಾರರು. 1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಗಳನ್ನು ಮರುಬಳಕೆಯಾಗದಂತೆ ಒಡೆದು ವಿಲೇವಾರಿ ಮಾಡಬೇಕೆಂದು ಹೇಳಿರುವುದೂ ಇದಕ್ಕೇ. ಇಂಥ ಬಾಟಲಿಯನ್ನು ಬಾವಿ, ಹಳ್ಳಗಳ ಬಳಿ ತೊಳೆಯುವುದು, ಗದ್ದೆಯ ಬದುವಿಗೆ ಎಸೆಯುವುದು, ಸುಡುವುದು ಮೂರೂ ವರ್ಜ್ಯ. ಒಡೆದ ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಬಲ್ಬುಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸವಿರುವುದರಿಂದ ಕಿಟಕಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಚೂರುಗಳನ್ನು ರಟ್ಟಿನ ತುಂಡಿನಿಂದ ಒಟ್ಟುಮಾಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಪ್ರತ್ಯೇಕವಾಗಿ ಕೊಡಬೇಕು. ಪೊರಕೆಯಿಂದ ಗುಡಿಸಿದರೆ ಪಾದರಸದ ಹನಿಗಳು ಒಡೆದು ಇನ್ನಷ್ಟು ಹರಡುತ್ತವೆ.

ಬಿಸಾಡುವ ಸ್ಯಾನಿಟರಿ ಪ್ಯಾಡ್ ಮತ್ತು ಡೈಪರುಗಳ ವಿಷಯದಲ್ಲಿ ಸಂಕೋಚ ವಿಜ್ಞಾನಕ್ಕೆ ಅಡ್ಡಬರುತ್ತದೆ. ಹೊರಗಿನ ಪ್ಲಾಸ್ಟಿಕ್ ಪೊರೆಯೂ ಒಳಗಿನ ನೀರು ಹೀರುವ ಪಾಲಿಮರ್ ಪುಡಿಯೂ ಗುಂಡಿಯಲ್ಲಿ ಕೊಳೆಯವು, ಒಲೆಯಲ್ಲಿ ತೇವದಿಂದಾಗಿ ಸರಿಯಾಗಿ ಉರಿಯವು, ಶೌಚಾಲಯಕ್ಕೆ ಹಾಕಿದರೆ ಕೊಳವೆ ಕಟ್ಟುತ್ತದೆ. ಕಾಗದದಲ್ಲಿ ಸುತ್ತಿ, ಗುರುತು ಸಿಗುವಂತೆ ಬೇರೆ ಕಟ್ಟಿ ಪಂಚಾಯಿತಿಯ ವಾಹನಕ್ಕೆ ಕೊಡುವುದು ನಿಯಮ. ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯ ಪ್ಯಾಡ್ ಮತ್ತು ವರ್ಷಗಟ್ಟಲೆ ಬಾಳುವ ಮುಟ್ಟಿನ ಬಟ್ಟಲು ಈ ಕಸವನ್ನೇ ಹುಟ್ಟಿಸುವುದಿಲ್ಲವಾದರೂ, ಬಟ್ಟೆಯನ್ನು ಬಿಸಿಲಿಗೆ ಹಾಕಲು ನಾಚಿ ಕತ್ತಲ ಕೋಣೆಯಲ್ಲಿ ಒಣಗಿಸಿದರೆ ತೇವ ಆರದೆ ಸೋಂಕಿಗೆ ಎಡೆಯಾಗುತ್ತದೆ. ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಹಳ್ಳಿಗಳಲ್ಲೂ ಹೆಚ್ಚುತ್ತಿದ್ದು, ಅವರ ಸೂಜಿಗಳು ಕಸ ವಿಂಗಡಿಸುವವರ ಕೈಗೆ ಚುಚ್ಚದಂತೆ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೂಜಿಮೊನೆ ಕೆಳಗಾಗಿ ಹಾಕಿಟ್ಟು, ಮುಕ್ಕಾಲು ತುಂಬಿದೊಡನೆ ಮುಚ್ಚಳಕ್ಕೆ ಟೇಪು ಸುತ್ತಿ, ವೈದ್ಯಕೀಯ ತ್ಯಾಜ್ಯವನ್ನು ಬೇರೆಯಾಗಿ ಕಳಿಸುವ ಏರ್ಪಾಟಿರುವ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಪ್ಪಿಸುವುದು ಸೂಕ್ತ.